ಪಹಣಿಯಲ್ಲಿ ಹೆಸರಿಲ್ಲದ ಸಂಗಾತಿ

ಮೂಡಿಗೆರೆಯಿಂದ ಕಳಸದತ್ತ ಸಾಗುವ ದಾರಿಯಲ್ಲಿ, ನಮ್ಮ ತೋಟದ ಬೇಲಿಯಾಚೆ, ಇಬ್ಬರು ಗಂಡಸರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದೇ ಮನೆಯಲ್ಲಿ ಬಾಳಿದರು. ಊರು ಅವರನ್ನು ‘ಸ್ನೇಹಿತರು’ ಎಂದು ಕರೆದು ಸುಮ್ಮನಾಗಿತ್ತು. ಕಾಫಿ ತೋಟ ಇದ್ದುದು ಒಬ್ಬರ ಹೆಸರಿನಲ್ಲಿ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರಿಗೆ ಹಣ ಹೊಂದಿಸಿದವರು, ಕೊಯ್ಲಿನ ಲೆಕ್ಕ ಬರೆದವರು ಇನ್ನೊಬ್ಬರು.

ಮಾಲೀಕರಿಗೆ ಹೃದಯಾಘಾತವಾದ ರಾತ್ರಿ ನಾನೂ ಜೊತೆಗಿದ್ದೆ. ಚಾರ್ಮಾಡಿ ಘಾಟಿ ಇಳಿದು ಆಸ್ಪತ್ರೆ ತಲುಪಿದಾಗ ಒಪ್ಪಿಗೆ ಪತ್ರ ಹಿಡಿದ ಸಿಬ್ಬಂದಿ ಕೇಳಿದರು: ‘ನೀವು ರೋಗಿಗೆ ಏನಾಗಬೇಕು?’ ಕಾನೂನು ಒಪ್ಪುವ ಉತ್ತರ ಆ ಸಂಗಾತಿಯ ಬಳಿ ಇರಲಿಲ್ಲ. ಮಾಲೀಕರು ಉಳಿಯಲಿಲ್ಲ. ಉಯಿಲನ್ನೂ ಬರೆದಿರಲಿಲ್ಲ. ತಿಥಿ ಮುಗಿದ ವಾರದಲ್ಲೇ ತಮ್ಮಂದಿರು ಬಂದು ಮನೆಯ ಬೀಗ ಬದಲಿಸಿದರು.

ತಮ್ಮಂದಿರನ್ನು ನಾನು ದೂರಲಾರೆ. ಕಾನೂನು ಕೊಟ್ಟದ್ದನ್ನೇ ಅವರು ಪಡೆದರು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ವಾರಸುದಾರರ ಸಾಲು ಹೆಂಡತಿ ಮಕ್ಕಳಿಂದ ತೊಡಗಿ ದೂರದ ದಾಯಾದಿಗಳವರೆಗೆ ಸಾಗುತ್ತದೆ. ಯಾರೂ ಇಲ್ಲದಿದ್ದರೆ 29ನೇ ಕಲಮಿನಂತೆ ಆಸ್ತಿ ಸರ್ಕಾರಕ್ಕೆ ಸೇರುತ್ತದೆ. ಸರ್ಕಾರಕ್ಕೂ ಆ ಸಾಲಿನ ಕೊನೆಯಲ್ಲಿ ಜಾಗವಿದೆ. ಜೊತೆಗೆ ಬಾಳಿದವನಿಗೆ ಇಲ್ಲ.

ಉಯಿಲು ಬರೆಯಬಹುದಿತ್ತಲ್ಲ ಎನ್ನುವವರಿದ್ದಾರೆ. ನಿಜ, ಇಬ್ಬರು ಸಾಕ್ಷಿಗಳಿದ್ದರೆ ಸಾಕು. ಆದರೆ ಜೀವನಪೂರ್ತಿ ಊರಿಗೆ ಹೇಳದೆ ಉಳಿಸಿಕೊಂಡ ಸಂಗತಿ ಆ ಸಾಕ್ಷಿಗಳಿಗೆ ತಿಳಿದೀತೆಂಬ ಅಳುಕು ಕಾಡುತ್ತದೆ. ದಂಪತಿಗಳು ಉಯಿಲು ಬರೆಯಲು ಮರೆತರೂ ಕಾನೂನು ಅವರನ್ನು ಕಾಯುತ್ತದೆ ಎಂಬುದನ್ನು ಮರೆಯಬಾರದು.

ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ, ಮದುವೆ ಮೂಲಭೂತ ಹಕ್ಕಲ್ಲ ಎಂದು ಐವರೂ ನ್ಯಾಯಮೂರ್ತಿಗಳು ಅಭಿಪ್ರಾಯಪಟ್ಟರು. ಮದುವೆಯಲ್ಲದ ಸಹಬಾಳ್ವೆಗೆ ಕಾನೂನಿನ ಮನ್ನಣೆಯೂ 3-2ರ ಬಹುಮತದಲ್ಲಿ ದೊರೆಯಲಿಲ್ಲ. ವಿಷಯ ಶಾಸಕಾಂಗದ ಅಂಗಳಕ್ಕೆ ಬಂತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾಗೊಂಡವು. ಈ ನಡುವೆ, 2024ರಲ್ಲಿ ಕೇಂದ್ರವು ಇಂಥ ಜೋಡಿಗಳಿಗೆ ಒಂದೇ ಪಡಿತರ ಚೀಟಿ, ಜಂಟಿ ಬ್ಯಾಂಕ್ ಖಾತೆ ಮತ್ತು ನಾಮಿನಿ ಸೌಲಭ್ಯಕ್ಕೆ ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು. ಸ್ವಾಗತಾರ್ಹವೇ. ಆದರೆ ನಾಮಿನಿ ಹಣವನ್ನು ಸ್ವೀಕರಿಸುವವನೇ ಹೊರತು ವಾರಸುದಾರನಲ್ಲ. ಪಡಿತರ ಚೀಟಿಯಿಂದ ತೋಟದ ಪಹಣಿ ಬದಲಾಗದು.

ಹಾಗಾದರೆ ದೆಹಲಿಯತ್ತಲೇ ನೋಡುತ್ತ ಕೂರಬೇಕೆ? ಉತ್ತರಾಧಿಕಾರ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಇದೇ ಅಧಿನಿಯಮಕ್ಕೆ ತಿದ್ದುಪಡಿ ತಂದು ಕರ್ನಾಟಕವು 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ನೀಡಿತು. ಕೇಂದ್ರ ಆ ಹಾದಿಗೆ ಬಂದದ್ದು 2005ರಲ್ಲಿ. ತೋಟಗಳು ಚೂರಾಗುತ್ತವೆ, ಕುಟುಂಬ ಒಡೆಯುತ್ತದೆ ಎಂಬ ಆತಂಕವನ್ನು ಆಗಲೂ ಈ ಬೆಟ್ಟಗಳಲ್ಲಿ ಕೇಳಿದ್ದೇನೆ. ಇಂದು ಅಂಥ ಕೆಲವು ತೋಟಗಳನ್ನು ಹೆಣ್ಣುಮಕ್ಕಳೇ ನಡೆಸುತ್ತಿರುವುದನ್ನೂ ಕಾಣುತ್ತಿದ್ದೇನೆ.

ಮದುವೆಯ ವ್ಯಾಖ್ಯೆಯನ್ನು ಮುಟ್ಟದೆಯೂ ರಾಜ್ಯ ಮಾಡಬಹುದಾದ ಕೆಲಸಗಳಿವೆ: ಘೋಷಿತ ಸಂಗಾತಿಗೆ ವಾರಸುದಾರರ ಸಾಲಿನಲ್ಲೊಂದು ಸ್ಥಾನ, ಆಸ್ಪತ್ರೆಯಲ್ಲಿ ಒಪ್ಪಿಗೆ ನೀಡುವ ಅಧಿಕಾರ, ದಾನಪತ್ರಕ್ಕೆ ಕುಟುಂಬದವರಿಗಿರುವ ಮುದ್ರಾಂಕ ಶುಲ್ಕದ ರಿಯಾಯಿತಿ. ಇದಕ್ಕೆ ರಾಷ್ಟ್ರಪತಿಗಳ ಅಂಕಿತ ಬೇಕಾದೀತು. ಮೊದಲು ವಿಧಾನಸಭೆಯಲ್ಲಿ ಚರ್ಚೆಯಾದರೂ ಆಗಲಿ.

ನಮ್ಮ ನೆರೆಯವರು ಈಗ ಪಟ್ಟಣದ ಬಾಡಿಗೆ ಕೋಣೆಯಲ್ಲಿದ್ದಾರೆ. ‘ನೀವು ಏನಾಗಬೇಕು?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರಲ್ಲ, ನಾವು ಆರಿಸಿ ಕಳುಹಿಸಿದವರು.