ವಿಮಾನ ಟಿಕೆಟ್ ತೆಗೆಯುವ ಮುನ್ನ: ದರ ಒಂದೇ ನೋಡಬೇಡಿ



ಈಚೆಗೆ ಸಂಘಕ್ಕೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಹೆಚ್ಚಾಗಿದೆ: "ದೆಹಲಿಗೆ ಮಗಳ ಮನೆಗೆ ಹೋಗಬೇಕು, ಯಾವ ವಿಮಾನ ಒಳ್ಳೆಯದು ಹೇಳಿ." ಮಕ್ಕಳು ದೂರದ ಊರುಗಳಲ್ಲಿ ನೆಲೆಸಿರುವುದರಿಂದ ನಮ್ಮಲ್ಲಿ ಅನೇಕರು ವರ್ಷಕ್ಕೆ ನಾಲ್ಕಾರು ಸಲ ವಿಮಾನ ಹತ್ತುವವರಾಗಿದ್ದೇವೆ. ಟಿಕೆಟ್ ತೆಗೆಯುವಾಗ ಹೆಚ್ಚಿನವರು ನೋಡುವುದು ದರ ಒಂದನ್ನೇ. ಗಡಿ ಊರಿನವರಾದ ನಮಗೆ ಅದು ಸಾಲದು. ಮನೆ ಬಿಟ್ಟಲ್ಲಿಂದ ಮನೆ ಸೇರುವ ತನಕ ಒಟ್ಟು ಖರ್ಚೆಷ್ಟು? ಹೊರಡಬೇಕಾದ ವಿಮಾನ ರದ್ದಾದರೆ ಅದೇ ದಿನ ಇನ್ನೊಂದು ಇದೆಯೇ? ಈ ಎರಡನ್ನು ಮೊದಲು ನೋಡಬೇಕೆಂಬುದು ನಮ್ಮ ಅನುಭವದ ಮಾತು.

ಈಗ ಉಳಿದಿರುವವರು

ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ವಿಸ್ತಾರಾ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದೊಂದಿಗೆ ವಿಲೀನವಾಯಿತು. ಹೀಗಾಗಿ ಆಯ್ಕೆ ಕಡಿಮೆಯಾಗಿದೆ.

ಇಂಡಿಗೊ: ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಇದರಲ್ಲೇ ಹೋಗುತ್ತಾರೆ. ವಿಮಾನಗಳ ಸಂಖ್ಯೆಯೇ ಇದರ ಬಲ. ಒಂದು ತಪ್ಪಿದರೆ ಇನ್ನೊಂದು ಸಿಗುವ ಸಂಭವ ಹೆಚ್ಚು.

ಏರ್ ಇಂಡಿಯಾ: 2022ರಿಂದ ಟಾಟಾ ಬಳಗದಲ್ಲಿದೆ. ದೇಶದೊಳಗಿನ ಪ್ರಯಾಣದಲ್ಲೂ ಊಟ ಅಥವಾ ಉಪಾಹಾರ ಟಿಕೆಟ್‌ನಲ್ಲೇ ಸೇರಿರುತ್ತದೆ. ದೆಹಲಿ, ಮುಂಬೈಯಿಂದ ಮುಂದೆ ವಿದೇಶಕ್ಕೆ ಹೋಗುವವರಿಗೆ ಒಂದೇ ಟಿಕೆಟ್‌ನ ಅನುಕೂಲವಿದೆ.

ಏರ್ ಇಂಡಿಯಾ ಎಕ್ಸ್‌ಪ್ರೆಸ್: ಅದೇ ಬಳಗದ ಅಗ್ಗದ ಕಂಪನಿ. ಇದರ ಅತಿ ಕಡಿಮೆ ದರದ ಟಿಕೆಟ್‌ನಲ್ಲಿ ಕೌಂಟರಿನಲ್ಲಿ ಒಪ್ಪಿಸುವ ಲಗೇಜಿಗೆ ಅವಕಾಶವಿಲ್ಲ, ಕೈಚೀಲ ಮಾತ್ರ. ಹಪ್ಪಳ, ಉಪ್ಪಿನಕಾಯಿ ಕಟ್ಟಿಕೊಂಡು ಹೊರಡುವ ನಮ್ಮವರು ಇದನ್ನು ಗಮನಿಸಬೇಕು.

ಆಕಾಸ ಏರ್ 2022ರಲ್ಲಿ ಶುರುವಾದದ್ದು. ವಿಮಾನಗಳು ಹೊಸವು, ಹೋಗುವ ಊರುಗಳು ಕಡಿಮೆ. ಸ್ಟಾರ್ ಏರ್ ಸಣ್ಣ ಊರುಗಳನ್ನು ಜೋಡಿಸುತ್ತದೆ. ಇದರ ವಿಮಾನಗಳಲ್ಲಿ ಇಬ್ಬರ ನಡುವೆ ಸಿಕ್ಕಿಕೊಳ್ಳುವ ಮಧ್ಯದ ಸೀಟೇ ಇಲ್ಲ. ಆದರೆ ದಿನಕ್ಕೆ ಒಂದೇ ಹಾರಾಟವಿರುವ ಮಾರ್ಗಗಳಲ್ಲಿ ಅದು ರದ್ದಾದರೆ ಆ ದಿನ ಹೋಯಿತೆಂದೇ ಲೆಕ್ಕ.

ದೊಡ್ಡ ಕಂಪನಿಯೆಂದು ಪೂರ್ತಿ ನಂಬುವಂತೆಯೂ ಇಲ್ಲ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕ ಸಿದ್ಧತೆ ಇಲ್ಲದೆ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದವು. ಮದುವೆ, ಆಸ್ಪತ್ರೆ, ಅಂತ್ಯಕ್ರಿಯೆ ಎಂದು ಹೊರಡುವಾಗ, ಎರಡು ಕಂಪನಿಗಳು ಹಾರುವ ಮಾರ್ಗವನ್ನು ಆರಿಸಿ, ದಿನದ ಮೊದಲ ವಿಮಾನ ಹಿಡಿಯುವುದು ಒಳ್ಳೆಯದು.

ನಿಲ್ದಾಣದ ಲೆಕ್ಕ

ಹೊಸೂರಿನಿಂದ ಬೆಂಗಳೂರು ಹತ್ತಿರವೇ, ಆದರೆ ವಿಮಾನ ನಿಲ್ದಾಣ ಇರುವುದು ನಗರದ ಆ ತುದಿಯ ದೇವನಹಳ್ಳಿಯಲ್ಲಿ. ಕಾಸರಗೋಡಿನವರಿಗೆ ಮಂಗಳೂರು, ಕಣ್ಣೂರು ಎರಡೂ ಉಂಟು. ನೀಲಗಿರಿಯವರು ಘಾಟಿ ಇಳಿದು ಕೊಯಮತ್ತೂರಿಗೆ ಹೋಗಬೇಕು. ಉದಾಹರಣೆಗೆ, ರಾತ್ರಿ 11ಕ್ಕೆ ಇಳಿಸುವ ವಿಮಾನದ ಟಿಕೆಟ್ 700 ರೂಪಾಯಿ ಅಗ್ಗವೆನ್ನಿ. ಬಸ್ಸು ಸಿಗದೆ ಟ್ಯಾಕ್ಸಿಗೆ 2,000 ಕೊಟ್ಟರೆ ಉಳಿದದ್ದೇನು?

ಸೊಲ್ಲಾಪುರ, ಕಲಬುರಗಿ, ಕರ್ನೂಲಿನಂಥ ನಿಲ್ದಾಣಗಳನ್ನು ನೆಚ್ಚುವವರು ಇನ್ನೊಂದು ವಿಷಯ ತಿಳಿದಿರಲಿ. ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸಿಗುವ ಸರ್ಕಾರಿ ನೆರವು 3 ವರ್ಷದ್ದು. ಅದು ಮುಗಿದ ಮೇಲೆ ನಿಂತುಹೋದ ಮಾರ್ಗಗಳು ಹಲವು. ಟಿಕೆಟ್ ತೆಗೆಯುವ ದಿನವೇ ವೇಳಾಪಟ್ಟಿ ಮತ್ತೊಮ್ಮೆ ನೋಡಿ.

ಪಾಯಿಂಟುಗಳ ಆಸೆ

ಇಂಡಿಗೊದ ಬ್ಲೂಚಿಪ್, ಏರ್ ಇಂಡಿಯಾದ ಮಹಾರಾಜ ಕ್ಲಬ್ ಎರಡಕ್ಕೂ ಸದಸ್ಯತ್ವ ಉಚಿತ, ಆಗಿಬಿಡಿ. ಆದರೆ ಪಾಯಿಂಟಿಗಾಗಿ 500 ರೂಪಾಯಿ ಹೆಚ್ಚು ಕೊಟ್ಟು ಒಂದೇ ಕಂಪನಿಗೆ ಅಂಟಿಕೊಳ್ಳುವುದು, ವರ್ಷಕ್ಕೆ ನಾಲ್ಕು ಸಲ ಹೋಗುವವರಿಗೆ ಗಿಟ್ಟುವುದಿಲ್ಲ. ತಿಂಗಳಿಗೆ ಎರಡು ಸಲ ಓಡಾಡುವ ಮಕ್ಕಳಿಗೆ ಗಿಟ್ಟೀತು.

ತಪ್ಪಿದಾಗ ಏನು ಕೇಳಬಹುದು

ಡಿಜಿಸಿಎ ನಿಯಮ ಎಲ್ಲ ಕಂಪನಿಗಳಿಗೂ ಒಂದೇ. ಮುಖ್ಯವಾದವು ಇವು:

1. ವಿಮಾನ ರದ್ದಾದರೆ ಬದಲಿ ವಿಮಾನ ಅಥವಾ ಹಣ ವಾಪಸು. 24 ಗಂಟೆ ಮೊದಲೂ ತಿಳಿಸದಿದ್ದರೆ ಪರಿಹಾರವೂ ಉಂಟು: ಹಾರಾಟದ ಅವಧಿ ಒಂದು ಗಂಟೆಯವರೆಗಿದ್ದರೆ 5,000, ಎರಡು ಗಂಟೆಯವರೆಗೆ 7,500, ಅದಕ್ಕೂ ಹೆಚ್ಚಿದ್ದರೆ 10,000 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಹವಾಮಾನದಂಥ ಕಾರಣಕ್ಕೆ ಈ ಪರಿಹಾರವಿಲ್ಲ.

2. ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು.

3. ನೀವೇ ಟಿಕೆಟ್ ರದ್ದು ಮಾಡಿದರೂ, ಹಣ ವಾಪಸಿಲ್ಲದ ಟಿಕೆಟ್ ಆಗಿದ್ದರೂ, ನಿಲ್ದಾಣದ ಶುಲ್ಕ ಮತ್ತು ತೆರಿಗೆ ವಾಪಸು ಕೊಡಬೇಕು.

ಏಜೆಂಟರ ಮೂಲಕ ಟಿಕೆಟ್ ತೆಗೆಯುವವರು ಕಡ್ಡಾಯವಾಗಿ ನಿಮ್ಮದೇ ಮೊಬೈಲ್ ನಂಬರು ಕೊಡಿಸಿ. ಸರಿಯಾದ ಸಂಪರ್ಕ ವಿವರ ಕೊಡದವರಿಗೆ ರದ್ದತಿ ಪರಿಹಾರ ಕೊಡಬೇಕಾಗಿಲ್ಲವೆಂದು ನಿಯಮದಲ್ಲೇ ಇದೆ. ಬೋರ್ಡಿಂಗ್ ಪಾಸ್, ಮೆಸೇಜು, ರಸೀದಿ ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

ದೂರನ್ನು ಮೊದಲು ಕಂಪನಿಗೆ ಬರಹದಲ್ಲಿ ಕೊಡಿ. ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ, ಇಲ್ಲವೇ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ. ಇದಕ್ಕೆ ಕಂಪನಿಯ ಊರಿಗೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.

ಅರ್ಜಿ ಬರೆಯಲು ತೊಡಕೆನಿಸಿದ ಸದಸ್ಯರು ಕಾಗದಪತ್ರಗಳೊಂದಿಗೆ ಸಂಘದ ಕಚೇರಿಗೆ ಬನ್ನಿ. ಕರಡು ಬರೆದುಕೊಡುತ್ತೇವೆ.

ಕಾರ್ಯದರ್ಶಿ