ಮನಃಕ್ಲೇಶವೂ ದೇಹದ ತೂಕವೂ

ಚಿಂತೆಯಿಂದ ಮನುಷ್ಯನು ಸೊರಗುವನೆಂಬುದು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಮಾತು. ಪದಚ್ಯುತನಾದ ಅರಸನು ಕೊರಗಿ ಕೃಶನಾದನೆಂದು ಬರೆಯುವ ಚರಿತ್ರಕಾರರೂ ಅದನ್ನೇ ನಂಬಿದವರು. ಈ ನಂಬಿಕೆಯನ್ನು ಪರಿಶೀಲಿಸಬೇಕಾಗಿದೆ.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾನನ್ ಅವರು 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಯಕ್ರೋಧಗಳುಂಟಾದಾಗ ಅಡ್ರಿನಲಿನ್ ರಕ್ತಕ್ಕೆ ಸೇರಿ ಜೀರ್ಣಾಂಗಗಳ ಚಲನೆಯನ್ನು ತಡೆಯುವುದೆಂದು ವಿವರಿಸಿದರು. ಅಂಥ ಗಳಿಗೆಯಲ್ಲಿ ಹಸಿವು ಅಡಗುವುದು ಸಹಜವೇ. 1936ರಲ್ಲಿ ಮಾಂಟ್ರಿಯಲ್ ನಗರದ ಹ್ಯಾನ್ಸ್ ಸೆಲ್ಯೆ ಅವರು, ಚಳಿ, ಗಾಯ, ಅತಿಶ್ರಮ ಮೊದಲಾದ ಬಗೆಬಗೆಯ ಪೀಡೆಗಳಿಗೆ ಗುರಿಯಾದ ಇಲಿಗಳಲ್ಲಿ ಅಡ್ರಿನಲ್ ಗ್ರಂಥಿಯು ಒಂದೇ ರೀತಿಯಾಗಿ ಹಿಗ್ಗುವುದನ್ನು ತೋರಿಸಿದರು.

ಆ ಗ್ರಂಥಿಯ ಹೊರಪದರದಿಂದ ಸ್ರವಿಸುವ ಕಾರ್ಟಿಸಾಲಿನ ವರ್ತನೆಯೇ ಬೇರೆ. ಕ್ಲೇಶವು ತಿಂಗಳುಗಟ್ಟಲೆ ನಿಂತಲ್ಲಿ ಅದು ಹಸಿವನ್ನು ಕೆರಳಿಸುತ್ತದೆ. ಮನಸ್ಸು ಸಿಹಿ, ಜಿಡ್ಡಿನ ಪದಾರ್ಥಗಳತ್ತ ಹರಿಯುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಶೇಖರವಾಗುತ್ತದೆ. ನಿದ್ರೆಗೇಡು ಇದಕ್ಕೆ ನೆರವಾಗುವುದು.

ಹಾಗಾದರೆ ಚಿಂತಾಕ್ರಾಂತನು ಸೊರಗುವನೋ, ಸ್ಥೂಲನಾಗುವನೋ? ಲಂಡನ್ನಿನ ಸರ್ಕಾರಿ ನೌಕರರನ್ನು ಕುರಿತು 1985ರಲ್ಲಿ ಆರಂಭವಾದ ಅಧ್ಯಯನದಿಂದ ಉತ್ತರ ದೊರೆಯುತ್ತದೆ. 2006ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಕಚೇರಿಯ ಒತ್ತಡಕ್ಕೆ ಸಿಕ್ಕಿದ ಪುರುಷರಲ್ಲಿ ಕೃಶಕಾಯರ ತೂಕ ಇಳಿಯುವುದೂ ಸ್ಥೂಲಕಾಯರ ತೂಕ ಏರುವುದೂ ಹೆಚ್ಚಾಗಿ ಕಂಡುಬಂದಿತು. ಸ್ತ್ರೀಯರಲ್ಲಿ ಇಂಥ ಸಂಬಂಧ ಕಾಣಲಿಲ್ಲವೆಂಬುದು ವಿಚಿತ್ರ.

ಪಥ್ಯ ಹಿಡಿದೂ ತೂಕವಿಳಿಯದವನನ್ನು ಸಂಯಮಹೀನನೆಂದು ಹಳಿಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಇದು ಅನ್ಯಾಯ. ಪಥ್ಯವು ತಾನೇ ಒಂದು ಕ್ಲೇಶವಾಗಬಲ್ಲುದು: 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೂರು ವಾರಗಳ ಕಾಲ ದಿನಕ್ಕೆ 1200 ಕ್ಯಾಲೊರಿಗಳಷ್ಟೇ ಆಹಾರ ಸೇವಿಸಿದ ಸ್ತ್ರೀಯರಲ್ಲಿ ಕಾರ್ಟಿಸಾಲಿನ ಪ್ರಮಾಣವು ಏರಿತ್ತು.