ಇಂಜಿನ್ನಿಗೂ ಬೇಕು ಹದವಾದ ಬಿಸಿ

ಚೌತಿ, ದೀಪಾವಳಿ, ಬೇಸಿಗೆಯ ರಜೆ ಬಂದವೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳು ಸ್ವಂತ ವಾಹನದಲ್ಲಿಯೇ ಊರಿಗೆ ಹೊರಡುವುದುಂಟು. ಹೊರಡುವ ಮುನ್ನ ಡೀಸೆಲ್ ತುಂಬಿಸುತ್ತೇವೆ, ಚಕ್ರಗಳ ಗಾಳಿ ನೋಡುತ್ತೇವೆ. ಆದರೆ ಚಾಲಕನ ಎದುರಿನ ಫಲಕದಲ್ಲಿರುವ ಉಷ್ಣತೆಯ ಮುಳ್ಳಿನ ಕಡೆ ಕಣ್ಣು ಹಾಯಿಸುವವರು ವಿರಳ.

ಇಂಜಿನ್ನಿನ ಸುತ್ತ ಹರಿಯುವ, ಕೂಲೆಂಟ್ ಬೆರೆಸಿದ ನೀರಿನ ಬಿಸಿಯನ್ನು ಆ ಮುಳ್ಳು ತೋರಿಸುತ್ತದೆ. ಆರೋಗ್ಯವಾಗಿರುವ ಡೀಸೆಲ್ ಇಂಜಿನ್ನಿನಲ್ಲಿ ಇದು ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಂಟಿಗ್ರೇಡ್. ಇಷ್ಟೊಂದು ಬಿಸಿಯೇ ಎಂದು ಗಾಬರಿಯಾಗಬೇಕಾಗಿಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು ಹದಿನೈದರಲ್ಲೊಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ; ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ನಡೆಸಿ ತೋರಿಸಿದ ಯಂತ್ರದ ಮರ್ಮವೇ ಇದು. ಶಾಖವೇ ಈ ಯಂತ್ರದ ಜೀವಾಳ.

ಆದಕಾರಣ, ಇಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲೊಂದಿದೆ. ನೀರು ಸುಮಾರು 80 ಡಿಗ್ರಿ ದಾಟುವವರೆಗೆ ಅದು ಮುಚ್ಚಿದ್ದು, ಆಮೇಲೆ ಮೆಲ್ಲನೆ ತೆರೆದುಕೊಳ್ಳುತ್ತದೆ. ನಮ್ಮದು ಉಷ್ಣ ದೇಶ, ಇದರ ಅಗತ್ಯವಿಲ್ಲವೆಂದು ಅದನ್ನು ಕಿತ್ತೆಸೆಯುವ ಮಿಸ್ತ್ರಿಗಳುಂಟು. ಆ ಮಾತಿಗೆ ಒಪ್ಪಬೇಡಿರಿ. ಹದಕ್ಕೆ ಕಾಯದ ಇಂಜಿನ್ನಿನಲ್ಲಿ ಡೀಸೆಲ್ ಪೂರ್ಣವಾಗಿ ಉರಿಯದೆ ಕೀಲೆಣ್ಣೆಗೆ ಇಳಿದು ಅದನ್ನು ತೆಳುವಾಗಿಸುತ್ತದೆ; ಸವೆತ ಹೆಚ್ಚುತ್ತದೆ, ಖರ್ಚೂ ಹೆಚ್ಚುತ್ತದೆ.

ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಮನೆಗೆ ಮಾತ್ರ ಓಡುವ ವಾಹನಕ್ಕೂ ಇದೇ ತೊಂದರೆ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಜಾಲರಿಯಿದೆ. ಆ ಮಸಿ ಸುಟ್ಟುಹೋಗಲು ಹೊಗೆ ಸುಮಾರು 600 ಡಿಗ್ರಿ ಕಾಯಬೇಕು. ಅಂಥ ವಾಹನವನ್ನು ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಬಿಡುವಾದ ರಸ್ತೆಯಲ್ಲಿ ಒಂದೇ ಸಮನೆ ಓಡಿಸುವುದು ಮೇಲು. ಬೆಳಿಗ್ಗೆ ನಿಂತಲ್ಲೇ ಬಹಳ ಹೊತ್ತು ಗುರುಗುಟ್ಟಿಸುವುದಕ್ಕಿಂತ, ಹೊರಟು ಮೊದಲ ಕೆಲವು ಮೈಲಿ ನಿಧಾನವಾಗಿ ಸಾಗುವುದೇ ಇಂಜಿನ್ನನ್ನು ಬೇಗ ಹದಕ್ಕೆ ತರುತ್ತದೆ.

ಇನ್ನು ಅತಿಯಾದ ಬಿಸಿಯ ಮಾತು. ಕಳಂಬೋಳಿಯಿಂದ ಸಮತಟ್ಟಾಗಿ ಸಾಗಿದ ದಾರಿ ಖೊಪೋಲಿಯ ಆಚೆ ಲೋಣಾವಳದವರೆಗೆ ಸುಮಾರು 600 ಮೀಟರ್ ಏರುತ್ತದೆ. ತುಂಬಿದ ವಾಹನ, ಮೇ ತಿಂಗಳ ಬಿಸಿಲು, ಜೊತೆಗೆ ಎ.ಸಿ. ಮುಳ್ಳು ನಡುವನ್ನು ಬಿಟ್ಟು ಮೇಲೇರತೊಡಗಿದರೆ ಎ.ಸಿ. ನಿಲ್ಲಿಸಿರಿ, ಕೆಳಗಿನ ಗೇರಿನಲ್ಲಿ ನಿಧಾನವಾಗಿ ಏರಿರಿ. ಕೆಲವು ಹೊಸ ಕಾರುಗಳಲ್ಲಿ ಮುಳ್ಳೇ ಇಲ್ಲ; ನೀಲಿ ದೀಪವೆಂದರೆ ತಣ್ಣಗಿದೆ, ಕೆಂಪು ದೀಪವೆಂದರೆ ಅಪಾಯ. ಕೆಂಪು ದೀಪ ಹತ್ತಿದರೆ ಅಥವಾ ಹಬೆ ಕಂಡರೆ ಸುರಕ್ಷಿತವಾದ ಎಡೆಯಲ್ಲಿ ನಿಲ್ಲಿಸಿ ಇಂಜಿನ್ ಆರಿಸಿರಿ. ಇನ್ನೆರಡು ಮೈಲಿ ಹೋಗಿಬಿಡೋಣವೆಂದು ಮುಂದುವರಿದರೆ ಇಂಜಿನ್ನಿನ ತಲೆಭಾಗ ಸೊಟ್ಟಗಾಗಿ, ಪ್ರವಾಸದ ಖರ್ಚಿನ ಹಲವು ಪಟ್ಟು ದುರಸ್ತಿಗೆ ತೆರಬೇಕಾದೀತು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿ ಮೀರಿದರೂ ಕುದಿಯದೆ ಅಡಗಿರುತ್ತದೆ. ನಮ್ಮ ಗೃಹಿಣಿಯರು ಒಲೆಯಿಂದ ಇಳಿಸಿದ ಕುಕ್ಕರಿನ ಮುಚ್ಚಳವನ್ನು ಒಡನೆಯೇ ತೆಗೆಯುವುದುಂಟೇ? ಇಲ್ಲಿಯೂ ಅದೇ ನ್ಯಾಯ. ಮುಚ್ಚಳ ಸಡಿಲವಾದೊಡನೆ ಕುದಿನೀರು ಚಿಮ್ಮಿ ಮುಖ, ಕೈ ಸುಟ್ಟೀತು. ಮಕ್ಕಳನ್ನು ದೂರವಿರಿಸಿ, ಅರ್ಧ ಗಂಟೆಗೂ ಮಿಕ್ಕಿ ಕಾದು, ಇಂಜಿನ್ ಪೂರ್ತಿ ಆರಿದ ಮೇಲೆಯೇ ನೀರು ಹಾಕಿರಿ. ಕಾದ ಲೋಹಕ್ಕೆ ತಣ್ಣೀರು ತಗುಲಿದರೆ ಬಿರುಕು ಬಿಡುವ ಭಯವೂ ಉಂಟು.

ಊರಿಗೆ ಹೊರಡುವ ಹಿಂದಿನ ದಿನ, ಇಂಜಿನ್ ತಣ್ಣಗಿರುವಾಗ, ಕೂಲೆಂಟಿನ ಮಟ್ಟ, ರಬ್ಬರಿನ ನಳಿಗೆ, ಫ್ಯಾನು ಇವನ್ನೊಮ್ಮೆ ನೋಡಿಸಿಕೊಳ್ಳಿರಿ. ಕೆಲಸ ಹತ್ತು ನಿಮಿಷದ್ದು. ನಿಪ್ಪಾಣಿ ದಾಟಿ ಬೆಳಗಾವಿ ಸೇರುವವರೆಗೂ ಮನಸ್ಸಿಗೆ ನೆಮ್ಮದಿ.